ಗುಡ್ಡೆ ಹತ್ತಲು ಎಷ್ಟು ಹಲ್ಲು ಬೇಕು?

ಪೇಟೆಯ ಸೈಕಲ್ ಅಂಗಡಿಗೆ ಹೋಗಿ "ನಮ್ಮದು ಗುಡ್ಡೆ ಪ್ರದೇಶ, ಏರು ಹತ್ತುವ ಸೈಕಲ್ ಬೇಕು" ಎಂದು ಕೇಳಿ ನೋಡಿ. "ಇದು ತಗೊಳ್ಳಿ ಅಣ್ಣಾ, ಇಪ್ಪತ್ತೊಂದು ಗೇರು ಉಂಟು" ಅಂತ ಒಂದನ್ನು ತೋರಿಸುತ್ತಾರೆ. ಅದರಲ್ಲಿ ಅತಿ ಸಣ್ಣ ಗೇರು ಎಷ್ಟರದ್ದು ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ಪಂಪು ಕೊಳ್ಳುವಾಗ ಎಷ್ಟು ಅಡಿ ಎತ್ತರಕ್ಕೆ ಎಷ್ಟು ನೀರು ಎತ್ತುತ್ತದೆ ಎಂದು ಕೇಳದೆ ಯಾರಾದರೂ ಹಣ ಕೊಡುತ್ತೇವೆಯೇ? ಸೈಕಲಿನ ವಿಷಯದಲ್ಲಿ ಮಾತ್ರ ನಾವು ಬಣ್ಣ ಮತ್ತು ಟಯರಿನ ದಪ್ಪ ನೋಡಿ ಬರುತ್ತೇವೆ.

ಕರಾವಳಿ, ಮಲೆನಾಡಿನ ನಮ್ಮಂಥ ಸಣ್ಣ ಕೃಷಿಕರ ಮಟ್ಟಿಗೆ ಇದು ಸಣ್ಣ ವಿಷಯ ಅಲ್ಲ. ನಮ್ಮ ತೋಟ ಕಣಿವೆಯಲ್ಲಿ, ಮನೆ ಗುಡ್ಡೆಯ ಬದಿಯಲ್ಲಿ, ಡಾಮರು ರಸ್ತೆ ಗುಡ್ಡೆಯ ನೆತ್ತಿಯಲ್ಲಿ. ಹಾಲಿನ ಸೊಸೈಟಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ರೇಶನ್ನಿಗೆ, ಪಶು ಆಹಾರಕ್ಕೆ, ಮಕ್ಕಳ ಶಾಲೆಗೆ, ಎಲ್ಲದಕ್ಕೂ ಮೊದಲು ಏರು ಹತ್ತಬೇಕು. ಒಂದೆರಡು ಕಿಲೋಮೀಟರಿನ ಈ ಓಡಾಟಕ್ಕೆ ಬೈಕು, ಸ್ಕೂಟರು ಸ್ಟಾರ್ಟ್ ಮಾಡುತ್ತೇವೆ. ಪೆಟ್ರೋಲು 2021ರಲ್ಲೇ ಲೀಟರಿಗೆ ನೂರು ರೂಪಾಯಿ ದಾಟಿತು. ಬೈಕು ಇಲ್ಲದವರು, ಬಿಡಲು ಬಾರದವರು, ಮನೆಯ ಹೆಂಗಸರು, ಮಕ್ಕಳು ನಡೆದೇ ಹೋಗಬೇಕು. "ನಮ್ಮ ಊರಿಗೆ ಸೈಕಲ್ ಆಗುವುದಿಲ್ಲ ಮಾರಾಯ್ರೆ" ಎನ್ನುವ ಮಾತು ಎಲ್ಲ ಕಡೆ ಇದೆ. ನನ್ನ ಅಭಿಪ್ರಾಯ ಬೇರೆ. ನಮ್ಮ ಊರಿಗೆ ಆಗದಿರುವುದು ಬಯಲು ಸೀಮೆಗೆಂದು ಹಲ್ಲು ಇಟ್ಟ ಸೈಕಲ್.

ಹಲ್ಲಿನ ಲೆಕ್ಕ

ಮನೆಯಲ್ಲಿ ಹಳೆಯ ಕಪ್ಪು ಸೈಕಲ್ ಇದ್ದರೆ ಸ್ಟ್ಯಾಂಡ್ ಹಾಕಿ ಹಲ್ಲು ಎಣಿಸಿ. ನನ್ನ ಸೈಕಲಿನಲ್ಲಿ ಪೆಡಲಿನ ಹತ್ತಿರದ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. ಕೆಲವಕ್ಕೆ ಮುಂದೆ 48 ಇರುತ್ತದೆ. 44ನ್ನು 18ರಿಂದ ಭಾಗಿಸಿದರೆ ಸುಮಾರು 2.44. ಎಂದರೆ ಪೆಡಲು ಒಂದು ಸುತ್ತು ಬರುವಾಗ ಹಿಂದಿನ ಚಕ್ರ ಎರಡೂವರೆ ಸುತ್ತಿಗೆ ಸ್ವಲ್ಪ ಕಡಿಮೆ ತಿರುಗುತ್ತದೆ. 28 ಇಂಚಿನ ಚಕ್ರದ ಒಂದು ಸುತ್ತಿಗೆ ನೆಲದಲ್ಲಿ 2.2 ಮೀಟರು. ಒಟ್ಟಿಗೆ ಪೆಡಲಿನ ಒಂದು ಸುತ್ತಿಗೆ ಸೈಕಲ್ 5.4 ಮೀಟರು ಮುಂದೆ ಹೋಗುತ್ತದೆ.

ಈಗ ಕಾಲಿನ ಲೆಕ್ಕ. ಪೆಡಲಿನ ಕೈ (ಕ್ರ್ಯಾಂಕ್) 17 ಸೆಂಟಿಮೀಟರು ಉದ್ದ. ಅದು ಒಂದು ಸುತ್ತು ಬಂದರೆ ಕಾಲು ಚಲಿಸುವುದು ಒಂದು ಮೀಟರಿಗೆ ಚೂರು ಹೆಚ್ಚು. ಅಂದರೆ ಕಾಲು ಒಂದು ಮೀಟರು ಹೋದಾಗ ಸೈಕಲ್ ಐದು ಮೀಟರು ಹೋಗುತ್ತದೆ. ಕಾಲಿಗಿಂತ ಸೈಕಲ್ ಎಷ್ಟು ಪಟ್ಟು ಹೆಚ್ಚು ದೂರ ಹೋಗುತ್ತದೋ ಕಾಲಿನ ಮೇಲೆ ಅಷ್ಟು ಪಟ್ಟು ಹೆಚ್ಚು ಭಾರ ಬೀಳುತ್ತದೆ. ಕಲ್ಲು ಎಬ್ಬಿಸಲು ಹಾರೆ ಹಾಕುವಾಗ ನಾವು ಹಾರೆಯ ತುದಿ ಹಿಡಿಯುತ್ತೇವೆ. ಕೈ ಹೆಚ್ಚು ದೂರ ಚಲಿಸುತ್ತದೆ, ಕಲ್ಲು ಸ್ವಲ್ಪವೇ ಏಳುತ್ತದೆ, ಆದರೆ ಎದ್ದೇ ಏಳುತ್ತದೆ. ಕಲ್ಲಿನ ಹತ್ತಿರವೇ ಹಾರೆ ಹಿಡಿದರೆ ಏನಾಗುತ್ತದೆ? ಏರಿನಲ್ಲಿ ನಮ್ಮ ಕಪ್ಪು ಸೈಕಲಿನ ಕತೆ ಅದೇ.

ಅಂಕಿಯಲ್ಲಿ ನೋಡೋಣ. ಸವಾರ 60 ಕಿಲೊ, ಸೈಕಲ್ 20 ಕಿಲೊ, ಹಾಲೋ ಹಿಂಡಿಯೋ 20 ಕಿಲೊ. ಒಟ್ಟು 100. ಏರು ಇಪ್ಪತ್ತಕ್ಕೆ ಒಂದು, ಅಂದರೆ 20 ಮೀಟರು ಮುಂದೆ ಹೋದಾಗ ಒಂದು ಮೀಟರು ಮೇಲೆ. ಈ ಏರಿನಲ್ಲಿ ಸೈಕಲನ್ನು ಹಿಂದಕ್ಕೆ ಎಳೆಯುವ ಭಾರ ನೂರರಲ್ಲಿ ಇಪ್ಪತ್ತನೆ ಒಂದು ಪಾಲು, 5 ಕಿಲೊ. ಒರಟು ರಸ್ತೆಯ ಎಳೆತಕ್ಕೆ ಇನ್ನೊಂದು ಕಿಲೊ ಸೇರಿಸಿ, 6 ಕಿಲೊ. ಇದರ ಐದು ಪಟ್ಟು, ಸುಮಾರು 30 ಕಿಲೊ, ಕಾಲಿನ ಮೇಲೆ. ಇದು ಸುತ್ತಿನುದ್ದದ ಸರಾಸರಿ. ಪೆಡಲು ಮೇಲೆ ಮತ್ತು ಕೆಳಗೆ ಬಂದಾಗ ಕಾಲು ಒತ್ತಿದರೂ ಪ್ರಯೋಜನ ಇಲ್ಲ. ಹಾಗಾಗಿ ನಡುವೆ ಒತ್ತುವಾಗ ಸರಾಸರಿಯ ಒಂದೂವರೆ ಪಟ್ಟು ಬೇಕು, ಅಂದರೆ 45 ಕಿಲೊಗೂ ಹೆಚ್ಚು. ಎದ್ದು ನಿಂತು ತುಳಿದರೆ ಆದೀತು.

ಏರು ಹತ್ತಕ್ಕೆ ಒಂದು ಆದರೆ? ಎಳೆಯುವ ಭಾರ 11 ಕಿಲೊ, ಕಾಲಿನ ಸರಾಸರಿ 55, ನಡುವೆ 80ಕ್ಕೂ ಮೇಲೆ. ಸವಾರನ ತೂಕವೇ 60. ಪೂರ್ತಿ ಮೈಭಾರ ಒಂದು ಪೆಡಲಿನ ಮೇಲೆ ಹಾಕಿದರೂ ಸೈಕಲ್ ಅಲ್ಲಾಡದು. ಹ್ಯಾಂಡಲ್ ಹಿಡಿದು ಮೇಲಕ್ಕೆ ಎಳೆದು ಇನ್ನಷ್ಟು ಒತ್ತುವವರಿದ್ದಾರೆ, ಪ್ರಾಯ ಇದ್ದವರು. ಉಳಿದವರು ಇಳಿದು ದೂಡುತ್ತಾರೆ. ಅದಕ್ಕೆ ಅವರಲ್ಲಿ ಶಕ್ತಿ ಇಲ್ಲ ಎಂದು ಅರ್ಥವಲ್ಲ, ಹಲ್ಲು ಸರಿ ಇಲ್ಲ ಎಂದು ಅರ್ಥ.

ಸಣ್ಣ ಗೇರು ಏನು ಮಾಡುತ್ತದೆ

ಈಗಿನ ಸಾಮಾನ್ಯ ಗೇರ್ ಸೈಕಲಿನಲ್ಲಿ ಮುಂದೆ ಮೂರು ಚಕ್ರ, ಹಿಂದೆ ಏಳು. ಮೂರೇಳಲಿ ಇಪ್ಪತ್ತೊಂದು. ಮುಂದಿನವು ಹೆಚ್ಚಾಗಿ 48, 38, 28 ಹಲ್ಲಿನವು ಅಥವಾ 42, 34, 24 ಹಲ್ಲಿನವು. ಹಿಂದಿನವು 14ರಿಂದ 28. ಕೆಲವದರಲ್ಲಿ ಹಿಂದಿನ ಅತಿ ದೊಡ್ಡದು 34 ಇರುತ್ತದೆ. ಏರಿಗೆ ಬೇಕಾದದ್ದು ಮುಂದಿನ ಅತಿ ಸಣ್ಣದು, ಹಿಂದಿನ ಅತಿ ದೊಡ್ಡದು. ಉಳಿದ ಹತ್ತೊಂಬತ್ತೋ ಇಪ್ಪತ್ತೋ ಗೇರುಗಳು ಏರಿನ ಬುಡದಲ್ಲಿ ಯಾವ ಉಪಕಾರಕ್ಕೂ ಬರುವುದಿಲ್ಲ.

ಮುಂದೆ 28, ಹಿಂದೆ 28 ಎಂದಿಟ್ಟುಕೊಳ್ಳಿ. 26 ಇಂಚಿನ ಚಕ್ರದಲ್ಲಿ ಪೆಡಲಿನ ಒಂದು ಸುತ್ತಿಗೆ ಎರಡು ಮೀಟರು. ಮುಂದೆ 24, ಹಿಂದೆ 34 ಆದರೆ ಒಂದೂವರೆ ಮೀಟರಿಗಿಂತ ತುಸು ಕಡಿಮೆ. ಕಪ್ಪು ಸೈಕಲಿನ 5.4ಕ್ಕೆ ಹೋಲಿಸಿ ನೋಡಿ. ಅದೇ ಹತ್ತಕ್ಕೆ ಒಂದರ ಏರಿನಲ್ಲಿ, ಅದೇ ನೂರು ಕಿಲೊಗೆ ಕಾಲಿನ ಸರಾಸರಿ ಭಾರ ಮೊದಲಿನದಕ್ಕೆ 22 ಕಿಲೊ ಆಸುಪಾಸು, ಎರಡನೆಯದಕ್ಕೆ 15 ಕಿಲೊ. 55 ಎಲ್ಲಿ, 15 ಎಲ್ಲಿ! ಎರಡೂ ಸೈಕಲಿನ ಹೆಸರು "ಸೈಕಲ್" ಅಷ್ಟೆ.

ಆದರೆ ಅಂಗಡಿಯವರು ಹೇಳದ ಇನ್ನೊಂದು ಮಾತು ಉಂಟು. ಗೇರು ಶಕ್ತಿ ಕೊಡುವುದಿಲ್ಲ. ಮಾಡಬೇಕಾದ ಕೆಲಸ ಒಂದಿಷ್ಟೂ ಕಡಿಮೆ ಆಗುವುದಿಲ್ಲ. ನೂರು ಕಿಲೊ ಐವತ್ತು ಮೀಟರು ಮೇಲೆ ಹೋಗಬೇಕು ಎಂದರೆ ಹೋಗಲೇಬೇಕು. ಆರೋಗ್ಯವಂತ ಮನುಷ್ಯ ದಣಿಯದೆ ತುಂಬ ಹೊತ್ತು ಕೊಡಬಲ್ಲ ಶಕ್ತಿ ಸುಮಾರು ನೂರು ವಾಟ್, ನಮ್ಮ ಹಳೆಯ ದೊಡ್ಡ ಬಲ್ಬಿನಷ್ಟು. ತೋಟದ ಐದು ಎಚ್‌ಪಿ ಪಂಪಿಗೆ ಸಮ ಆಗಬೇಕಾದರೆ ಮೂವತ್ತೇಳು ಜನ ತುಳಿಯಬೇಕು! ಈ ನೂರು ವಾಟಿನಲ್ಲಿ ಇಪ್ಪತ್ತಕ್ಕೆ ಒಂದರ ಏರನ್ನು ನೂರು ಕಿಲೊ ಹೊತ್ತು ಹತ್ತಿದರೆ ವೇಗ ಗಂಟೆಗೆ 6 ಕಿಲೋಮೀಟರು. ಒಂದು ಕಿಲೋಮೀಟರು ಏರಿಗೆ ಹತ್ತು ನಿಮಿಷ.

ಆ ವೇಗದಲ್ಲಿ ಕಪ್ಪು ಸೈಕಲಿನ ಪೆಡಲು ನಿಮಿಷಕ್ಕೆ ಹದಿನೆಂಟೇ ಸುತ್ತು ಬರುತ್ತದೆ. ಗಾಣದ ಎತ್ತಿನ ಹಾಗೆ ನಿಧಾನ, ಒಂದೊಂದು ತುಳಿತಕ್ಕೂ ಮೊಣಗಂಟು ಕಿರುಗುಟ್ಟಬೇಕು. 28-28ರಲ್ಲಿ ಐವತ್ತು ಸುತ್ತು, 24-34ರಲ್ಲಿ ಎಪ್ಪತ್ತರ ಹತ್ತಿರ. ಕಾಲಿಗೆ ಹಿತವಾದದ್ದು ಅರವತ್ತರಿಂದ ಎಂಬತ್ತು. ಗೇರು ಮಾಡುವುದು ಇಷ್ಟನ್ನೇ: ಇದ್ದ ಶಕ್ತಿಯನ್ನು ಕಾಲಿಗೆ ಒಗ್ಗುವ ಲಯದಲ್ಲಿ ಕೊಡಲು ಬಿಡುತ್ತದೆ. ಐವತ್ತು ಕಿಲೊದ ಗೋಣಿಯನ್ನು ಒಂದೇ ಸಲ ಅಟ್ಟಕ್ಕೆ ಎಸೆಯುವ ಬದಲು ಬುಟ್ಟಿ ಬುಟ್ಟಿಯಾಗಿ ಏರಿಸಿದ ಹಾಗೆ. ಪ್ರಾಯ ಐವತ್ತು ದಾಟಿದವರಿಗೆ, ಮೊಣಗಂಟು ನೋವಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಗೇರಿಗೂ ಮಿತಿ ಉಂಟು

ಏರು ಹತ್ತಕ್ಕೆ ಒಂದಾದರೆ ಅದೇ ನೂರು ವಾಟಿಗೆ, ಅದೇ ಭಾರಕ್ಕೆ ವೇಗ 3.3 ಕಿಲೋಮೀಟರಿಗೆ ಇಳಿಯುತ್ತದೆ. ನಡೆಯುವವನೂ ಅದಕ್ಕಿಂತ ಬೇಗ ಹೋದಾನು. ಅಷ್ಟು ನಿಧಾನದಲ್ಲಿ ಸೈಕಲಿನ ಬ್ಯಾಲೆನ್ಸ್ ನಿಲ್ಲುವುದೇ ಕಷ್ಟ. ಸ್ವಲ್ಪ ಹೊತ್ತು ಹೆಚ್ಚು ಶಕ್ತಿ ಹಾಕಿ ಹತ್ತುವವರಿದ್ದಾರೆ, ಆದರೆ ದಿನಾ ಎರಡು ಸಲ ಹಾಲು ಹೊರುವವರಿಗೆ ಅದು ಆಗುವ ಮಾತಲ್ಲ. ಆರಕ್ಕೆ ಒಂದರ ಏರಿನಲ್ಲಿ ಖಾಲಿ ಸೈಕಲಿಗೂ ಗೇರಿನಿಂದ ಲಾಭ ಇಲ್ಲ, ಇಳಿದು ದೂಡುವುದೇ ಸರಿ. ದೂಡಿದರೂ ಅಷ್ಟೇ ಭಾರ ಅಷ್ಟೇ ಎತ್ತರಕ್ಕೆ ಹೋಗುವುದು, ನಾಚಿಕೆ ಪಡಲು ಏನೂ ಇಲ್ಲ.

ನನ್ನ ಲೆಕ್ಕದಲ್ಲಿ ಗೇರು ನಿಜವಾಗಿ ಸಂಬಳ ಕೊಡುವುದು ಮೂವತ್ತಕ್ಕೆ ಒಂದರಿಂದ ಹನ್ನೆರಡಕ್ಕೆ ಒಂದರವರೆಗಿನ ಏರುಗಳಲ್ಲಿ. ನಮ್ಮ ಊರುಗಳ ಡಾಮರು ರಸ್ತೆಗಳ ಬಹುಪಾಲು ಏರು ಇದರೊಳಗೇ ಬರುತ್ತದೆ. ಕಪ್ಪು ಸೈಕಲಿನಲ್ಲಿ ಅಲ್ಲೆಲ್ಲ ಇಳಿಯಬೇಕು, ಸರಿಯಾದ ಹಲ್ಲಿನ ಸೈಕಲಿನಲ್ಲಿ ಕೂತೇ ಹೋಗಬಹುದು.

ನಿಮ್ಮ ಏರು ಎಷ್ಟರದ್ದು ಎಂದು ಅಳೆಯುವುದು ಸುಲಭ. ಇಂಗುಗುಂಡಿ, ಬದು ಹಾಕುವಾಗ ಮಟ್ಟ ನೋಡಲು ಉಪಯೋಗಿಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ರಸ್ತೆಯಲ್ಲಿ ಹತ್ತು ಮೀಟರು ಅಳೆದು ಎರಡೂ ತುದಿಯಲ್ಲಿ ಕೋಲು ಹಿಡಿಯಿರಿ. ನೀರಿನ ಮಟ್ಟದಿಂದ ಎರಡು ಕಡೆಯ ನೆಲಕ್ಕೆ ಇರುವ ವ್ಯತ್ಯಾಸ ಐವತ್ತು ಸೆಂಟಿಮೀಟರು ಬಂದರೆ ಏರು ಇಪ್ಪತ್ತಕ್ಕೆ ಒಂದು. ಒಂದು ಮೀಟರು ಬಂದರೆ ಹತ್ತಕ್ಕೆ ಒಂದು. ಸೈಕಲಿಗೆ ಹಣ ಹಾಕುವ ಮುಂಚೆ ಅರ್ಧ ಗಂಟೆಯ ಈ ಕೆಲಸ ಮಾಡಿದರೆ ನಷ್ಟ ಇಲ್ಲ.

ಹಳೆಯ ಸೈಕಲಿಗೆ ಏನು ಮಾಡಬಹುದು

ಎಲ್ಲರೂ ಹೊಸ ಸೈಕಲ್ ಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಹಳೆಯದರಲ್ಲೇ ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆದು 20 ಅಥವಾ 22 ಹಲ್ಲಿನದು ಹಾಕಿಸಬಹುದು. 22 ಸಿಕ್ಕಿದರೆ ಪೆಡಲಿನ ಸುತ್ತಿಗೆ 5.4 ಮೀಟರು ಇದ್ದದ್ದು 4.4ಕ್ಕೆ ಇಳಿಯುತ್ತದೆ. ಮೊದಲಿನ ಲೆಕ್ಕದ 30 ಕಿಲೊ 25 ಆಗುತ್ತದೆ. ಆರರಲ್ಲಿ ಒಂದು ಪಾಲು ಭಾರ ಇಳಿಯಿತು. ಚೈನಿಗೆ ಒಂದಿಂಚು ಸೇರಿಸಬೇಕಾದೀತು, ಅಥವಾ ಹಿಂದಿನ ಚಕ್ರವನ್ನು ಅರ್ಧ ಇಂಚು ಮುಂದೆ ಸರಿಸಿದರೂ ನಡೆದೀತು. ಚೈನಿಗೆ ಪೂರ್ತಿ ಕವರು ಇದ್ದರೆ ಒಳಗೆ ತಾಗುತ್ತದೋ ನೋಡಿಕೊಳ್ಳಿ.

ಇದಕ್ಕೆ ಕೊಡುವ ಬೆಲೆ ಸಮತಟ್ಟಿನಲ್ಲಿ. ನಿಮಿಷಕ್ಕೆ ಅರವತ್ತು ಸುತ್ತು ತುಳಿದರೆ ಮೊದಲು ಗಂಟೆಗೆ 19 ಕಿಲೋಮೀಟರು ಹೋಗುತ್ತಿದ್ದದ್ದು ಈಗ 16. ಸೊಸೈಟಿಗೆ ಹೋಗುವವರಿಗೆ ಮೂರು ಕಿಲೋಮೀಟರಿನ ವ್ಯತ್ಯಾಸ ಏನು ಮಹಾ! ಸಮತಟ್ಟು ಎನ್ನುವುದು ನಮ್ಮ ಊರಿನಲ್ಲಿ ಎಲ್ಲಿ ಉಂಟು, ಶಾಲೆಯ ಮೈದಾನ ಬಿಟ್ಟರೆ?

ಇನ್ನೊಂದು ಖರ್ಚಿಲ್ಲದ ಉಪಾಯ ಸೀಟು. ನಮ್ಮವರು ಹೆಚ್ಚಾಗಿ ಸೀಟನ್ನು ತೀರ ಕೆಳಗೆ ಇಟ್ಟುಕೊಳ್ಳುತ್ತಾರೆ, ಕೂತಲ್ಲೇ ಎರಡೂ ಪಾದ ನೆಲಕ್ಕೆ ಊರಬೇಕು ಎಂದು. ಮಡಚಿದ ಮೊಣಗಂಟಿನಲ್ಲಿ ತುಳಿದರೆ ತೊಡೆಯ ಬಲ ಪೆಡಲಿಗೆ ಬರುವುದೇ ಇಲ್ಲ. ಪೆಡಲು ಕೆಳಗೆ ಇರುವಾಗ ಕಾಲು ಹೆಚ್ಚುಕಡಿಮೆ ನೇರ ಆಗಬೇಕು, ಸ್ವಲ್ಪವೇ ಮಡಚಿರಬೇಕು. ಸೀಟು ಒಂದೆರಡು ಇಂಚು ಏರಿಸಿ ಅದೇ ಏರು ಹತ್ತಿ ನೋಡಿ, ಬೇರೆ ಸೈಕಲ್ ಅನಿಸುತ್ತದೆ.

ಏರಿಗೆ ಹಲ್ಲು ಬದಲಿಸುವುದು ಹೊಸ ವಿಚಾರವೇನಲ್ಲ. ಮೂರು ಗೇರಿನ ಸ್ಟರ್ಮಿ-ಆರ್ಚರ್ ಹಬ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1902ರಲ್ಲೇ ತಯಾರಾಗಿತ್ತು. ಫ್ರಾನ್ಸಿನ ಹೆಸರಾಂತ ಟೂರ್ ದ ಫ್ರಾನ್ಸ್ ಪಂದ್ಯದಲ್ಲಿ ಮಾತ್ರ ಚೈನ್ ದಾಟಿಸುವ ಗೇರಿಗೆ 1937ರವರೆಗೂ ಅನುಮತಿ ಇರಲಿಲ್ಲ. ಗೇರು ಹಾಕಿದರೆ ಸವಾರನ ಪೌರುಷಕ್ಕೆ ಕುಂದು ಎಂಬ ಭಾವನೆ. ಆಗ ಸವಾರರು ಹಿಂದಿನ ಚಕ್ರದ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಸಿಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಚಕ್ರ ಬಿಚ್ಚಿ ತಿರುಗಿಸಿ ಹಾಕಿ, ಆಲ್ಪ್ಸ್ ಪರ್ವತ ಏರುತ್ತಿದ್ದರು. ಪಂದ್ಯದವರಿಗೇ ಸಣ್ಣ ಹಲ್ಲು ಬೇಕಾಗಿತ್ತು ಎಂದ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡವರಿಗೆ ಬೇಡವೇ? "ಗೇರ್ ಸೈಕಲ್ ಮಕ್ಕಳ ಆಟಕ್ಕೆ" ಎಂದು ನಗುವವರಿಗೆ ಈ ಕತೆ ಹೇಳಿ.

ನಮಗೆ ಬೇಕಾದ ಸೈಕಲ್ ಎಲ್ಲಿ?

ನನ್ನ ದೊಡ್ಡ ತಕರಾರು ಇಲ್ಲಿದೆ. ಅಂಗಡಿಯಲ್ಲಿ ಸಣ್ಣ ಗೇರು ಇರುವ ಸೈಕಲಿಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಹೆಸರಿಗೆ ಮಾತ್ರ, ಸ್ಟ್ಯಾಂಡು ಒಂದೇ ಕಾಲಿನದು. ಹಾಲಿನ ಕ್ಯಾನು ಕಟ್ಟಿ ನಿಲ್ಲಿಸಿದರೆ ಸೈಕಲ್ ಮಗುಚಿ ಹಾಲು ಚರಂಡಿಗೆ. ಕ್ಯಾರಿಯರ್, ಜೋಡಿ ಕಾಲಿನ ಸ್ಟ್ಯಾಂಡು, ಒಳ್ಳೆಯ ಮಡ್‌ಗಾರ್ಡ್ ಇರುವ ಸೈಕಲಿಗೆ ಗೇರೇ ಇಲ್ಲ. ದಪ್ಪ ಟಯರು ಹಾಕಿ, ಗುಡ್ಡೆ ಹತ್ತುವ ಸೈಕಲಿನ ವೇಷ ತೊಡಿಸಿ, ಒಂದೇ ಗೇರು ಇಟ್ಟು ಮಾರುವವೂ ಇವೆ. ವೇಷ ನೋಡಿ ಮೋಸ ಹೋಗಬೇಡಿ, ಹಲ್ಲು ಎಣಿಸಿ. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದವರು ನಾವು!

ನಮಗೆ ಇಪ್ಪತ್ತೊಂದು ಗೇರು ಬೇಡವೇ ಬೇಡ. ಹಿಂದೆ ಐದೋ ಏಳೋ ಚಕ್ರ, ಮುಂದೆ ಒಂದೇ ಸಣ್ಣ ಚಕ್ರ ಸಾಕು. ಮುಂದೆ 28 ಇಟ್ಟು ಹಿಂದೆ 14ರಿಂದ 34 ಇಟ್ಟರೆ ಏರಿಗೂ ಆಯಿತು, ಊರೊಳಗಿನ ಓಡಾಟಕ್ಕೂ ಆಯಿತು. ಮುಂದಿನ ಎರಡು ಚಕ್ರ, ಒಂದು ಕೇಬಲ್, ಒಂದು ಲಿವರ್ ಉಳಿಯಿತು. ಹಾಳಾಗುವ ಭಾಗ ಕಡಿಮೆ ಆಯಿತು. ಉಳಿದ ಹಣದಲ್ಲಿ ಗಟ್ಟಿ ಕ್ಯಾರಿಯರ್ ಕೊಡಲಿ. ತಯಾರಕರಿಗೆ ಇದು ಅಸಾಧ್ಯವಾದ ಕೆಲಸ ಅಲ್ಲ. ಕೇಳುವವರು ಇಲ್ಲ, ಅಷ್ಟೆ.

ಸರಕಾರವೂ ಇದನ್ನು ಯೋಚಿಸಿದ ಹಾಗೆ ಕಾಣುವುದಿಲ್ಲ. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭವಾಯಿತು. ಯೋಜನೆ ಒಳ್ಳೆಯದೇ. ಬಯಲು ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಅದರಿಂದ ಹೈಸ್ಕೂಲು ಮುಟ್ಟಿದರು. ಆದರೆ ರಾಯಚೂರಿನ ಕಪ್ಪು ನೆಲಕ್ಕೂ ಕೊಡಗಿನ ಗುಡ್ಡೆಗೂ ಒಂದೇ ಗೇರಿನ ಸೈಕಲ್. ಬೀಜ ಕೊಡುವಾಗ ವಲಯ ನೋಡಿ ತಳಿ ಕೊಡುತ್ತಾರೆ. ಸೈಕಲ್ ಕೊಡುವಾಗ ಗುಡ್ಡೆಯ ತಾಲೂಕುಗಳಿಗೆ ಹಿಂದಿನ ಫ್ರೀವೀಲಿಗೆ ನಾಲ್ಕು ಹಲ್ಲು ಹೆಚ್ಚು ಇಟ್ಟಿದ್ದರೂ ಆ ಮಕ್ಕಳ ದೂಡುವ ದೂರ ಅಷ್ಟು ಕಡಿಮೆ ಆಗುತ್ತಿತ್ತು.

ಹತ್ತಿದವರು ಇಳಿಯಲೇಬೇಕು

ಏರಿನ ಬಗ್ಗೆ ಮಾತಾಡುವವರು ಇಳಿಜಾರನ್ನು ಮರೆಯುತ್ತಾರೆ. ಸರಳಿನ ಬ್ರೇಕು, ಹೊಳೆಯುವ ಉಕ್ಕಿನ ರಿಮ್ಮು ಇರುವ ಸೈಕಲ್ ಮಳೆಯಲ್ಲಿ ನಿಲ್ಲುವುದಿಲ್ಲ. ಒದ್ದೆ ಉಕ್ಕಿನ ಮೇಲೆ ರಬ್ಬರು ಜಾರುತ್ತದೆ. ನಮ್ಮಲ್ಲಿ ಮಳೆ ನಾಲ್ಕು ತಿಂಗಳು. ಹಿಂಡಿ ಮೂಟೆ ಕಟ್ಟಿಕೊಂಡು ಇಳಿಯುವವರ ಜೀವ ಆ ಎರಡು ರಬ್ಬರು ತುಂಡಿನ ಮೇಲೆ. ಗುಡ್ಡೆಗೆ ಸೈಕಲ್ ಕೊಳ್ಳುವುದಾದರೆ ಅಲ್ಯೂಮಿನಿಯಂ ರಿಮ್ಮು ಅಥವಾ ಡಿಸ್ಕ್ ಬ್ರೇಕು ಇರಲಿ. ಗೇರಿಗಿಂತ ಮೊದಲು ಇದನ್ನು ನೋಡಿ.

ಭಾರ ಕಟ್ಟುವ ರೀತಿಯೂ ಮುಖ್ಯ. ಕ್ಯಾರಿಯರಿನ ಮೇಲೆ ಎತ್ತರಕ್ಕೆ ಕಟ್ಟಿದರೆ ಕಡಿದಾದ ಏರಿನಲ್ಲಿ ಸಣ್ಣ ಗೇರಿನಲ್ಲಿ ತುಳಿಯುವಾಗ ಮುಂದಿನ ಚಕ್ರ ನೆಲ ಬಿಟ್ಟು ಏಳುತ್ತದೆ. ಹಿಂದಿನ ಚಕ್ರದ ಎರಡು ಬದಿಗೆ ಕೆಳಗೆ ತೂಗಿಸಿ ಕಟ್ಟಿ, ಸ್ವಲ್ಪ ಭಾರ ಮುಂದೆಯೂ ಇರಲಿ. ಮಳೆಗಾಲದಲ್ಲಿ ಪಾಚಿ ಹಿಡಿದ ಕಾಂಕ್ರೀಟಿನಲ್ಲಿ ಸಣ್ಣ ಗೇರು ಹಾಕಿ ಜೋರು ತುಳಿದರೆ ಹಿಂದಿನ ಚಕ್ರ ಗಿರ್ರನೆ ನಿಂತಲ್ಲೇ ಸುತ್ತುತ್ತದೆ. ಅಲ್ಲಿ ಇಳಿದುಬಿಡಿ.

ಗೇರು ಇದ್ದ ಮೇಲೆ ಆರೈಕೆಯೂ ಬೇಕು. ನಮ್ಮ ಕೆಂಪು ಮಣ್ಣಿನ ಕೆಸರು ಚೈನಿಗೆ ಅರದ ಹಾಗೆ. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ಒಂದೊಂದು ತೊಟ್ಟು ಎಣ್ಣೆ ಬಿಡಿ, ಎಣ್ಣೆ ಸುರಿದು ಮಣ್ಣು ಅಂಟಿಸಬೇಡಿ. ಹೊಸ ಚೈನಿನ 24 ಕೊಂಡಿ ಸರಿಯಾಗಿ 12 ಇಂಚು ಬರುತ್ತದೆ. ಗೇರಿನ ತೆಳು ಚೈನು ಅದಕ್ಕಿಂತ ಒಂದು ನೂಲಿನ ಅರ್ಧದಷ್ಟು, ಅಂದರೆ ಇಂಚಿನ ಹದಿನಾರನೆ ಒಂದು ಪಾಲು ಉದ್ದ ಆದರೆ ಬದಲಿಸಿ. ಇಲ್ಲದಿದ್ದರೆ ಚೈನು ಹಲ್ಲುಗಳನ್ನೆಲ್ಲ ತಿಂದುಹಾಕುತ್ತದೆ. ಗೇರು ಬದಲಿಸುವುದು ಏರಿನ ಬುಡಕ್ಕೆ ಬರುವ ಮೊದಲೇ, ಕಾಲು ಹಗುರ ಇರುವಾಗ. ನಡು ಏರಿನಲ್ಲಿ ಪೂರ್ತಿ ಭಾರ ಹಾಕಿ ಲಿವರ್ ಎಳೆದರೆ ಚೈನು ತುಂಡಾದೀತು ಅಥವಾ ಕಡಿಮೆ ಬೆಲೆಯ ಡಿರೇಲರ್ ಸೊಟ್ಟ ಆದೀತು.

"ಇಷ್ಟೆಲ್ಲ ಯಾಕೆ, ಬ್ಯಾಟರಿ ಸೈಕಲ್ ಬಂತಲ್ಲ" ಎನ್ನುವವರಿಗೆ ಒಂದು ಮಾತು. 250 ವಾಟಿನ ಒಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿನ ಒಳಗಿನ ವೇಗ ಇದ್ದರೆ ನೋಂದಣಿ ಬೇಡ, ಅನುಕೂಲವೇ. ಆದರೆ ಅಲ್ಲೂ ಹಲ್ಲಿನ ಕತೆ ತಪ್ಪಿದ್ದಲ್ಲ. ಮೋಟಾರು ಚಕ್ರದ ನಡುವೆಯೇ ಕೂತಿದ್ದರೆ ಚೈನಿನ ಗೇರು ಅದಕ್ಕೆ ಸಿಗುವುದಿಲ್ಲ. ಕಡಿದಾದ ಏರಿನಲ್ಲಿ ನಿಧಾನ ತಿರುಗಿ ತಿರುಗಿ ಬಿಸಿಯಾಗುತ್ತದೆ. ಪೆಡಲಿನ ಹತ್ತಿರ ಮೋಟಾರು ಇರುವಂಥದ್ದಾದರೆ ಅದರ ಬಲವೂ ಗೇರಿನ ಮೂಲಕ ಹೋಗುತ್ತದೆ, ಏರಿಗೆ ಅದೇ ಲೇಸು, ಬೆಲೆ ಮಾತ್ರ ಹೆಚ್ಚು.

ರಸ್ತೆಗೂ ಗೇರು ಹಾಕಬಹುದು

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯ ಎನಿಸಿದ್ದು. ಸೈಕಲಿನಲ್ಲಿ ಸಣ್ಣ ಗೇರು ಮಾಡುವ ಕೆಲಸವನ್ನೇ ರಸ್ತೆಯಲ್ಲಿ ತಿರುವು ಮಾಡುತ್ತದೆ. ಹೆಚ್ಚು ದೂರ ಹೋಗು, ಕಡಿಮೆ ಭಾರ ಎಳೆ. ಆಗುಂಬೆ, ಚಾರ್ಮಾಡಿ ಘಾಟಿಗಳಲ್ಲಿ ಅಷ್ಟೊಂದು ಸುತ್ತು ಇರುವುದು ಅದಕ್ಕೇ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಲ್ಲಿ ಗುಡ್ಡಗಾಡಿನ ರಸ್ತೆಯ ಸಾಮಾನ್ಯ ಏರು ನೂರಕ್ಕೆ 5, ತೀರ ಕಡಿದಾದ ಪ್ರದೇಶದಲ್ಲಿ ನೂರಕ್ಕೆ 6. ಅನಿವಾರ್ಯ ಎಂದಲ್ಲಿ ಒಂದೆರಡು ಹೆಚ್ಚು. ಎತ್ತಿನ ಗಾಡಿಯ ಕಾಲದಲ್ಲಿ ಮಾಡಿದ ದಾರಿಗಳೂ ಗುಡ್ಡೆಯನ್ನು ಬಳಸಿಕೊಂಡೇ ಹೋಗುತ್ತಿದ್ದವು. ಎತ್ತಿಗೆ ಎಷ್ಟು ಸಾಧ್ಯ ಎಂದು ಗೊತ್ತಿದ್ದವರು ಕಡಿದ ದಾರಿ ಅದು.

ಈಗ ಜೇಸಿಬಿ ಬಂದಿದೆ. ಮನೆಯಿಂದ ರಸ್ತೆಗೆ ನೇರ ಒಂದು ಗೆರೆ ಎಳೆದ ಹಾಗೆ ಕಡಿದು, ಮೇಲೆ ಕಾಂಕ್ರೀಟ್ ಸುರಿದು ಕೆಲಸ ಮುಗಿಸುತ್ತೇವೆ. ಘಾಟಿ ರಸ್ತೆಗಿಂತ ನಮ್ಮ ಮನೆಯ ದಾರಿಯೇ ಮೂರು ಪಟ್ಟು ಕಡಿದಾಗಿರುತ್ತದೆ. ಇಪ್ಪತ್ತು ಮೀಟರು ಎತ್ತರಕ್ಕೆ ಆರಕ್ಕೆ ಒಂದರಂತೆ ನೇರ ಹೋದರೆ ದಾರಿ 120 ಮೀಟರು. ಹದಿನೈದಕ್ಕೆ ಒಂದರಂತೆ ಬಳಸಿಕೊಂಡು ಹೋದರೆ 300 ಮೀಟರು. ಹೆಚ್ಚಿನ 180 ಮೀಟರಿಗೆ ಮೂರು ಮೀಟರು ಅಗಲ ಹಿಡಿದರೆ ಹದಿಮೂರೂವರೆ ಸೆಂಟ್ಸು ಜಾಗ ಹೋಗುತ್ತದೆ. ಸಣ್ಣ ಹಿಡುವಳಿದಾರರಿಗೆ ಇದು ಕಡಿಮೆ ಅಲ್ಲ, ಒಪ್ಪುತ್ತೇನೆ. ಕೆಲವರಿಗೆ ಅಷ್ಟು ಜಾಗವೇ ಇರುವುದಿಲ್ಲ. ಆದರೆ ಜಾಗ ಇದ್ದವರು ಲಾಭವನ್ನೂ ಲೆಕ್ಕ ಹಾಕಬೇಕು. ಸೈಕಲ್, ಕೈಗಾಡಿ, ಗೊಬ್ಬರದ ಜೀಪು ಎಲ್ಲ ಸಲೀಸು. ಮಳೆಗಾಲದಲ್ಲಿ ನೇರ ದಾರಿ ತೋಡಾಗಿ ಮಣ್ಣನ್ನೆಲ್ಲ ತೋಟಕ್ಕೆ ತರುತ್ತದೆ. ಬಳಸು ದಾರಿಯ ಬದಿಯಲ್ಲಿ ಅಲ್ಲಲ್ಲಿ ನೀರು ಇಂಗಿಸಬಹುದು. ಪ್ರಾಯ ಆದ ಅಪ್ಪ ಅಮ್ಮಂದಿರು ಕೋಲು ಊರಿಕೊಂಡಾದರೂ ರಸ್ತೆಗೆ ಹೋಗಿ ಬರಬಹುದು. ಗೇರು ಹಾಕಿದ ಸೈಕಲ್ ಒಬ್ಬರಿಗೆ, ಗೇರು ಹಾಕಿದ ದಾರಿ ಮನೆಮಂದಿಗೆಲ್ಲ.

ಪಂಚಾಯತಿನಿಂದ ಹೊಸ ದಾರಿ ಬರುವಾಗಲೂ "ಎಷ್ಟು ಉದ್ದ, ಎಷ್ಟು ಲಕ್ಷ" ಎಂದು ಮಾತ್ರ ಕೇಳುತ್ತೇವೆ. "ಏರು ಎಷ್ಟಕ್ಕೆ ಒಂದು" ಎಂದು ಇನ್ನು ಮುಂದಾದರೂ ಗ್ರಾಮಸಭೆಯಲ್ಲಿ ಯಾರಾದರೂ ಕೇಳಲಿ. ಕಾಂಕ್ರೀಟ್ ಬಿದ್ದ ಮೇಲೆ ಕೇಳಿ ಪ್ರಯೋಜನ ಇಲ್ಲ.

ಫ್ರೀವೀಲ್ ಬದಲಿಸಿಕೊಂಡವರು, ಗೇರ್ ಸೈಕಲಿಗೆ ಕ್ಯಾರಿಯರ್ ಕೂರಿಸಿಕೊಂಡು ಹಾಲು ಸಾಗಿಸುವವರು ನಮ್ಮ ಓದುಗರಲ್ಲೇ ಇದ್ದಾರು. ಎಷ್ಟು ಹಲ್ಲು, ಎಷ್ಟು ಏರು, ಎಷ್ಟು ಭಾರ, ಯಾವ ಭಾಗ ಮೊದಲು ಕೈಕೊಟ್ಟಿತು ಎನ್ನುವ ನಾಲ್ಕು ವಿವರ ಇಟ್ಟು ಪತ್ರಿಕೆಗೆ ಬರೆಯಲಿ. ಹತ್ತು ಜನರ ಅನುಭವ ಒಟ್ಟಾದರೆ ಅಂಗಡಿಯವರ ಮುಂದೆ, ತಯಾರಕರ ಮುಂದೆ ಇಡಲು ನಮ್ಮ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.